ಕಾರಿನ ಗಾಜಿಗೆ ಒಳಗಿನಿಂದ ಕವಿಯುವ ಮಬ್ಬು

ಕಾರಿನ ಗಾಜಿನ ಹೊರಮೈ ಕೊಳೆಯಾಗುವುದರಲ್ಲಿ ಸೋಜಿಗವೇನೂ ಇಲ್ಲ. ಬೀದಿಯ ಧೂಳು, ಮಳೆಗಾಲದ ಕೆಸರು, ಮರದಡಿಯಲ್ಲಿ ನಿಲ್ಲಿಸಿದರೆ ಹಕ್ಕಿಗಳ ಹಿಕ್ಕೆ, ಇವೆಲ್ಲವೂ ಹೊರಗಿನಿಂದ ಬಂದು ಕೂರುತ್ತವೆ. ನೀರೆರಚಿ ಒರೆಸಿದರೆ ಹೋಗುತ್ತವೆ. ಆದರೆ ಒಳಮೈಯ ಮಾತೇನು? ಅಲ್ಲಿಗೆ ಮಳೆ ಬೀಳದು, ಕೆಸರು ಸಿಡಿಯದು. ಹೀಗಿದ್ದರೂ ಕಿಟಕಿಗಳನ್ನು ಸದಾ ಮುಚ್ಚಿಟ್ಟ ಹೊಸ ಕಾರಿನಲ್ಲಿಯೂ ಕೆಲಕಾಲ ಕಳೆಯುವುದರೊಳಗಾಗಿ ಮುಂದಿನ ಗಾಜಿನ ಒಳಮೈಯನ್ನು ತೆಳುವಾದ ಮಬ್ಬೊಂದು ಆವರಿಸುತ್ತದೆ. ಬೆರಳಿನಿಂದ ಎಳೆದರೆ ಗೆರೆ ಮೂಡುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಮಬ್ಬು ಹೋಗುವುದಕ್ಕೆ ಬದಲಾಗಿ ಅತ್ತಿತ್ತ ಹರಡಿ ಪಟ್ಟೆಪಟ್ಟೆಯಾಗುತ್ತದೆ.

ಈ ಪೊರೆ ಎಲ್ಲಿಂದ ಬಂದಿತು? ಇದರಿಂದ ಆಗುವ ಕೆಡುಕೇನು? ಇದನ್ನು ತೆಗೆಯುವ ಬಗೆ ಹೇಗೆ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ. ವಿಷಯ ಅಲ್ಪವೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಬಾಷ್ಪೀಭವನ, ಸಾಂದ್ರೀಕರಣ, ಬೆಳಕಿನ ಚದರಿಕೆ, ಸಾಬೂನಿನ ಕ್ರಿಯೆ ಈ ನಾಲ್ಕನ್ನೂ ನಾವು ಕರೆಸಿಕೊಳ್ಳಬೇಕಾಗುತ್ತದೆ. ಅಷ್ಟೇ ಅಲ್ಲ, ರಸ್ತೆ ದಾಟುತ್ತಿರುವ ಒಬ್ಬನ ಪ್ರಾಣ ಕೆಲವೊಮ್ಮೆ ಈ ಪೊರೆ ಇದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿರುವುದೂ ಉಂಟು.

ಪೊರೆಯ ಮೂಲ

ಅಡಿಗೆಮನೆಯ ಕಿಟಕಿಯ ಗಾಜನ್ನು ಎಲ್ಲರೂ ಬಲ್ಲರು. ಒಲೆಯ ಹತ್ತಿರವಿರುವ ಗಾಜಿನ ಮೇಲೆ ಯಾರೂ ಎಣ್ಣೆ ಸವರುವುದಿಲ್ಲ. ಆದರೂ ಅದು ಜಿಡ್ಡಾಗಿರುತ್ತದೆ. ದಿನವೂ ಒಗ್ಗರಣೆಯ ಬಾಣಲೆಯಿಂದ ಮೇಲೇಳುವ ಎಣ್ಣೆಯ ಆವಿಯೂ ಸೂಕ್ಷ್ಮವಾದ ಹನಿಗಳೂ ತಣ್ಣಗಿರುವ ಗಾಜನ್ನು ತಾಗಿ ಅಲ್ಲಿಯೇ ನೆಲೆನಿಲ್ಲುತ್ತವೆ. ಕಾರಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಅಲ್ಲಿ ಒಲೆ ಯಾವುದು, ಎಣ್ಣೆ ಯಾವುದು ಎಂಬುದನ್ನಷ್ಟೇ ನಾವು ಗೊತ್ತುಮಾಡಬೇಕು.

ಕಾರಿನ ಒಳಭಾಗದಲ್ಲಿ ಮೆತ್ತನೆಯ ಪ್ಲಾಸ್ಟಿಕ್ಕಿನ ಬಳಕೆ ಹೇರಳ. ಡ್ಯಾಷ್‌ಬೋರ್ಡಿನ ಹೊದಿಕೆ, ಬಾಗಿಲಿನ ಒಳಮೈ, ಎಷ್ಟೋ ಕಾರುಗಳ ಆಸನದ ಹೊದಿಕೆ ಕೂಡ ಪಾಲಿವಿನೈಲ್ ಕ್ಲೋರೈಡ್ ಎಂಬ ವಸ್ತುವಿನಿಂದ ಆದವು. ಈ ವಸ್ತು ಸಹಜವಾಗಿ ಗಡುಸು. ನೀರಿನ ಕೊಳವೆಗಳಲ್ಲಿ ನಾವು ನೋಡುವುದು ಅದರ ಈ ಗಡುಸು ರೂಪವನ್ನೇ. ೧೯೨೬ರಲ್ಲಿ ಅಮೆರಿಕದ ಬಿ. ಎಫ್. ಗುಡ್‌ರಿಚ್ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ವಾಲ್ಡೊ ಸೆಮನ್ ಎಂಬ ರಸಾಯನವಿಜ್ಞಾನಿ ಇದನ್ನು ಸುಲಭವಾಗಿ ಆವಿಯಾಗದ ಕೆಲವು ದ್ರವಗಳೊಡನೆ ಸೇರಿಸಿ ಕಾಯಿಸಿದಾಗ ರಬ್ಬರಿನಂತೆ ಬಾಗುವ ವಸ್ತು ದೊರೆಯಿತು. ಹೀಗೆ ಗಡುಸನ್ನು ಕಳೆದು ಮೆತುವು ಕೊಡುವ ದ್ರವಗಳಿಗೆ ಪ್ಲಾಸ್ಟಿಸೈಜರುಗಳೆಂದು ಹೆಸರು. ಥ್ಯಾಲೇಟುಗಳೆಂಬ ಎಣ್ಣೆಯಂಥ ದ್ರವಗಳು ಇವುಗಳಲ್ಲಿ ಹೆಚ್ಚು ಪ್ರಸಿದ್ಧ.

ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ಚೆನ್ನಾಗಿ ನಾದುವುದನ್ನು ನೆನಪಿಗೆ ತಂದುಕೊಳ್ಳಿ. ಎಣ್ಣೆ ಹಿಟ್ಟಿನೊಳಗೆ ಸೇರಿ ಅದನ್ನು ಎಳೆದತ್ತ ಬರುವಂತೆ ಮಾಡುತ್ತದೆ. ಆದರೆ ಅದು ಹಿಟ್ಟಾಗುವುದಿಲ್ಲ, ಬಿಟ್ಟರೆ ಮೇಲಕ್ಕೆ ಜಿನುಗುತ್ತದೆ. ಪ್ಲಾಸ್ಟಿಸೈಜರಿನ ಸ್ಥಿತಿಯೂ ಹಾಗೆಯೇ. ಅದರ ಅಣುಗಳು ಪ್ಲಾಸ್ಟಿಕ್ಕಿನ ಉದ್ದವಾದ ಅಣುಸರಪಣಿಗಳ ನಡುವೆ ಸೇರಿಕೊಂಡು, ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಆ ಸರಪಣಿಗಳೊಡನೆ ಅವಕ್ಕೆ ರಾಸಾಯನಿಕ ಬಂಧವಿಲ್ಲ. ಆದುದರಿಂದ ಕಾಲಕ್ರಮದಲ್ಲಿ ಒಂದೊಂದಾಗಿ ಹೊರಮೈಗೆ ಬಂದು, ಅಲ್ಲಿಂದ ಗಾಳಿಗೆ ಹಾರಿಹೋಗುತ್ತವೆ.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ಈ ದ್ರವಗಳ ಕುದಿಯುವ ಬಿಂದು ಬಹಳ ಮೇಲಿನದು. ಸಾಮಾನ್ಯವಾದ ಒಂದು ಥ್ಯಾಲೇಟು ಕುದಿಯಬೇಕಾದರೆ ಉಷ್ಣತೆ ೩೮೦ ಡಿಗ್ರಿ ಸೆಲ್ಸಿಯಸನ್ನು ದಾಟಬೇಕು. ಹಾಗಿದ್ದಮೇಲೆ ಕಾರಿನಲ್ಲಿ ಅದು ಆವಿಯಾಗುವುದೆಂತು? ಇದಕ್ಕೆ ಉತ್ತರ ಹಗ್ಗದ ಮೇಲೆ ಹರವಿದ ಒದ್ದೆಬಟ್ಟೆಯಲ್ಲಿದೆ. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಾದರೂ ಬಟ್ಟೆ ೨೫ ಡಿಗ್ರಿಯಲ್ಲಿಯೇ ಒಣಗುತ್ತದೆ. ದ್ರವದ ಅಣುಗಳೆಲ್ಲವೂ ಒಂದೇ ವೇಗದಿಂದ ಚಲಿಸುವುದಿಲ್ಲ; ಅವುಗಳಲ್ಲಿ ಹೆಚ್ಚು ಶಕ್ತಿಯುಳ್ಳ ಕೆಲವು ಯಾವ ಉಷ್ಣತೆಯಲ್ಲಿಯೂ ಮೇಲ್ಮೈಯಿಂದ ತಪ್ಪಿಸಿಕೊಳ್ಳಬಲ್ಲವು. ಪ್ಲಾಸ್ಟಿಸೈಜರಿನಲ್ಲಿ ಇಂಥ ಅಣುಗಳ ಸಂಖ್ಯೆ ತೀರ ಕಡಿಮೆ. ಉಷ್ಣತೆ ಏರಿದಂತೆಲ್ಲ ಆ ಸಂಖ್ಯೆ ಭರದಿಂದ ಏರುತ್ತದೆ.

ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಉಷ್ಣತೆ ಎಷ್ಟು ಏರುತ್ತದೆಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಅರಿಜೋನಾ ರಾಜ್ಯದ ವಿಶ್ವವಿದ್ಯಾನಿಲಯದವರು ೨೦೧೮ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಕಡುಬೇಸಗೆಯಲ್ಲಿ ಒಂದು ಗಂಟೆಯ ಕಾಲ ಬಿಸಿಲಿನಲ್ಲಿ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಸರಾಸರಿ ೪೭ ಡಿಗ್ರಿ ಸೆಲ್ಸಿಯಸಿಗೂ, ಆಸನ ೫೧ ಡಿಗ್ರಿಗೂ, ಡ್ಯಾಷ್‌ಬೋರ್ಡು ೬೯ ಡಿಗ್ರಿಗೂ ಏರಿದುದು ಕಂಡುಬಂದಿತು. ಡ್ಯಾಷ್‌ಬೋರ್ಡು ಸಾಮಾನ್ಯವಾಗಿ ಕಪ್ಪುಬಣ್ಣದ್ದು. ಮುಂದಿನ ಗಾಜಿನ ಮೂಲಕ ಇಳಿದುಬರುವ ಬಿಸಿಲನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಮುಚ್ಚಿದ ಕಾರಿನಿಂದ ಕಾದ ಗಾಳಿ ಹೊರಕ್ಕೆ ಹೋಗಲಾರದು. ಕಾರಿನ ಒಲೆ ಯಾವುದೆಂಬುದು ಈಗ ತಿಳಿಯಿತು.

ಡ್ಯಾಷ್‌ಬೋರ್ಡಿನಿಂದ ಮೇಲೆದ್ದ ಆವಿಗೆ ಎದುರಾಗುವುದು ಅದರ ಮೇಲೆಯೇ ಓರೆಯಾಗಿ ನಿಂತಿರುವ ಗಾಜು. ಹೊರಗಿನ ಗಾಳಿ ತಾಗುವುದರಿಂದ ಗಾಜು ಡ್ಯಾಷ್‌ಬೋರ್ಡಿನಷ್ಟು ಕಾಯುವುದಿಲ್ಲ. ಸಂಜೆಯಾಗುತ್ತಲೇ ಬೇಗನೆ ತಣಿಯುತ್ತದೆ. ಅನ್ನದ ಪಾತ್ರೆಯ ಮುಚ್ಚಳ ಬೆವರುವಂತೆ ಆ ಗಾಜೂ ಬೆವರುತ್ತದೆ. ಆದರೆ ಈ ಬೆವರು ನೀರಲ್ಲ, ಒಣಗದ ಎಣ್ಣೆ. ಇಂದು ಕೂತ ಹನಿ ನಾಳೆಯೂ ಇರುತ್ತದೆ, ನಾಳೆಯದು ಅದರ ಜೊತೆಗೆ ಸೇರುತ್ತದೆ.

ಇದು ಬರಿಯ ಊಹೆಯಲ್ಲ. ಕಾರಿನೊಳಗೆ ಬಳಸುವ ವಸ್ತುಗಳನ್ನು ಪರೀಕ್ಷಿಸಲು ಜರ್ಮನಿಯಲ್ಲಿ ಡಿಐಎನ್ ೭೫೨೦೧ ಎಂಬ ಮಾನಕವನ್ನೇ ರಚಿಸಿದ್ದಾರೆ. ವಸ್ತುವಿನ ತುಂಡೊಂದನ್ನು ಗಾಜಿನ ಬೀಕರಿನಲ್ಲಿಟ್ಟು ೧೦೦ ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸುತ್ತಾರೆ. ಬೀಕರಿನ ಬಾಯಿಗೆ ಮುಚ್ಚಿದ ಗಾಜಿನ ತಟ್ಟೆಯನ್ನು ೨೧ ಡಿಗ್ರಿಯಲ್ಲಿ ತಂಪಾಗಿ ಇಟ್ಟಿರುತ್ತಾರೆ. ಆ ತಟ್ಟೆ ಮೊದಲು ಎಷ್ಟು ಹೊಳೆಯುತ್ತಿತ್ತು, ಆಮೇಲೆ ಎಷ್ಟು ಹೊಳೆಯುತ್ತದೆ ಎಂಬುದನ್ನು ಅಳೆದು ಹೋಲಿಸಿದರೆ, ಆ ವಸ್ತು ಗಾಜಿಗೆ ಎಷ್ಟು ಮಬ್ಬು ಕವಿಸಬಲ್ಲುದೆಂಬುದು ತಿಳಿಯುತ್ತದೆ.

ಪ್ಲಾಸ್ಟಿಸೈಜರ್ ಒಂದೇ ಅಪರಾಧಿಯಲ್ಲ. ಕಾರಿನೊಳಗೆ ಸೇದಿದ ಸಿಗರೇಟಿನ ಹೊಗೆ, ಎದುರಿನ ಲಾರಿಯಿಂದ ಗಾಳಿಕಿಂಡಿಯ ಮೂಲಕ ಒಳನುಗ್ಗುವ ಮಸಿ, ಗಾಜನ್ನು ಮುಟ್ಟಿದ ಕೈಯ ಜಿಡ್ಡು, ಡ್ಯಾಷ್‌ಬೋರ್ಡು ಮಿರುಗಲೆಂದು ಬಳಿಯುವ ಎಣ್ಣೆಯಂಥ ಪಾಲಿಶು, ಇವೆಲ್ಲವೂ ತಮ್ಮ ತಮ್ಮ ಪಾಲನ್ನು ಸಲ್ಲಿಸುತ್ತವೆ. ಜಿಡ್ಡಿನ ಮೇಲೆ ಧೂಳು ಬೇಗ ಅಂಟುವುದರಿಂದ ಪೊರೆ ಇನ್ನಷ್ಟು ದಟ್ಟವಾಗುತ್ತದೆ.

ಪೊರೆ ಕಣ್ಣನ್ನು ಕಟ್ಟುವ ಬಗೆ

ಈ ಪೊರೆ ಬಹಳ ತೆಳು. ಹಗಲಿನಲ್ಲಿ ಸೂರ್ಯ ಬೆನ್ನ ಹಿಂದಿರುವಾಗ ಅದು ಇರುವುದೇ ಗೊತ್ತಾಗುವುದಿಲ್ಲ. ಸೂರ್ಯ ಎದುರಿಗೆ ಬಂದನೆಂದರೆ ಗಾಜೆಲ್ಲ ಒಮ್ಮೆಗೇ ಬೆಳ್ಳಗಾಗಿ ರಸ್ತೆಯೇ ಮರೆಯಾಗುತ್ತದೆ. ಮಾಗಿಯ ಸಂಜೆ ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ಆ ದಾರಿ ನೈರುತ್ಯಕ್ಕೆ ಸಾಗುವುದರಿಂದ, ಆ ಋತುವಿನಲ್ಲಿ ಇಳಿಯುವ ಸೂರ್ಯ ಬಹುಮಟ್ಟಿಗೆ ಎದುರಿನಲ್ಲಿಯೇ ಇರುತ್ತಾನೆ. ಅದೇ ಗಾಜು, ಅದೇ ಪೊರೆ. ಬೆಳಕಿನ ದಿಕ್ಕು ಬದಲಾದ ಮಾತ್ರಕ್ಕೆ ಇಷ್ಟು ವ್ಯತ್ಯಾಸವೇಕೆ?

ಬೆಳಕಿನ ದಾರಿಯಲ್ಲಿ ಸಣ್ಣ ಕಣಗಳು ಅಡ್ಡಬಂದಾಗ ಅದು ಸುತ್ತಲೂ ಚದರುತ್ತದೆ. ಗಾಳಿಯ ಅಣುಗಳಂತೆ ಕಣಗಳು ಬೆಳಕಿನ ತರಂಗದೂರಕ್ಕಿಂತ ಬಹಳ ಸಣ್ಣವಾಗಿದ್ದರೆ ಹಿಂದಕ್ಕೂ ಮುಂದಕ್ಕೂ ಸಮನಾಗಿ ಚದರುವುದು. ಕಣಗಳು ತರಂಗದೂರಕ್ಕಿಂತ ದೊಡ್ಡವಾದಂತೆ ಚದರಿದ ಬೆಳಕಿನ ಹೆಚ್ಚುಪಾಲು ಮುಂದಕ್ಕೇ, ಮೂಲದಾರಿಗೆ ಸ್ವಲ್ಪ ಓರೆಯಾಗಿ, ಸಾಗುತ್ತದೆ. ಪೊರೆಯ ಹನಿಗಳೂ ಅದಕ್ಕಂಟಿದ ಧೂಳೂ ಈ ಎರಡನೆಯ ಜಾತಿಗೆ ಸೇರುತ್ತವೆ. ಆದುದರಿಂದ ಬೆಳಕು ಹಿಂದಿನಿಂದ ಬಂದರೆ ಚದರಿದ ಭಾಗ ನಮ್ಮ ಕಣ್ಣಿನಿಂದ ಆಚೆಗೆ ಹೋಗುತ್ತದೆ. ಎದುರಿನಿಂದ ಬಂದರೆ ನೇರವಾಗಿ ಕಣ್ಣಿಗೇ ಬೀಳುತ್ತದೆ. ರಾತ್ರಿ ಎದುರಿನ ವಾಹನದ ದೀಪದ ಸುತ್ತ ದೊಡ್ಡದೊಂದು ಪ್ರಭೆ ಕಾಣುವುದಕ್ಕೂ ಇದೇ ಕಾರಣ.

ಈ ಪ್ರಭೆ ರಸ್ತೆಯ ವಸ್ತುಗಳನ್ನು ಹೇಗೆ ಅಳಿಸಿಹಾಕುತ್ತದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ರಸ್ತೆಯ ಹೊಳಪು ೧೦೦ ಎಂದೂ, ಅದರ ಎದುರು ನಿಂತ ಮನುಷ್ಯನ ಉಡುಪಿನ ಹೊಳಪು ೪೦ ಎಂದೂ ಭಾವಿಸಿ. ವ್ಯತ್ಯಾಸ ೬೦, ಅಂದರೆ ಹಿನ್ನೆಲೆಯ ನೂರಕ್ಕೆ ೬೦ ಪಾಲು. ಮನುಷ್ಯ ಎದ್ದು ಕಾಣುತ್ತಾನೆ. ಈಗ ಪೊರೆಯಿಂದ ಚದರಿದ ಬೆಳಕು ಎರಡರ ಮೇಲೂ ೩೦೦ರಷ್ಟು ಹೊಳಪಿನ ತೆರೆಯನ್ನು ಹೊದಿಸಿತೆನ್ನಿ. ರಸ್ತೆ ೪೦೦ ಆಯಿತು, ಮನುಷ್ಯ ೩೪೦ ಆದನು. ವ್ಯತ್ಯಾಸ ಈಗಲೂ ೬೦ ಆದರೂ, ಹಿನ್ನೆಲೆಗೆ ಹೋಲಿಸಿದರೆ ಅದು ನೂರಕ್ಕೆ ೧೫ ಪಾಲು ಮಾತ್ರ. ಕಣ್ಣು ವಸ್ತುವನ್ನು ಗುರುತಿಸುವುದು ಈ ಹೋಲಿಕೆಯ ಬಲದಿಂದ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರು ಸಾಗುತ್ತದೆ. ಮನುಷ್ಯನನ್ನು ಗುರುತಿಸುವುದು ಒಂದು ಸೆಕೆಂಡು ತಡವಾದರೂ ಆ ೧೭ ಮೀಟರನ್ನು ಯಾವ ಬ್ರೇಕೂ ಮರಳಿ ತಂದುಕೊಡಲಾರದು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಮ್ಮ ದೇಶದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಮುಂದಿನ ಮತ್ತು ಹಿಂದಿನ ಗಾಜುಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೭೦ ಪಾಲನ್ನಾದರೂ ಒಳಗೆ ಬಿಡಬೇಕು. ಮಬ್ಬು ಕವಿದ ಗಾಜು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದೀತು. ಏಕೆಂದರೆ ಪೊರೆ ಬೆಳಕನ್ನು ತಡೆಯುವುದಿಲ್ಲ, ದಾರಿ ತಪ್ಪಿಸುತ್ತದೆ. ಆದ್ದರಿಂದಲೇ ಪಾರದರ್ಶಕ ವಸ್ತುಗಳ ಮಬ್ಬನ್ನು ಬೇರೆಯಾಗಿ ಅಳೆಯುತ್ತಾರೆ. ಎಎಸ್‌ಟಿಎಂ ಡಿ ೧೦೦೩ ಎಂಬ ಮಾನಕದಲ್ಲಿ, ವಸ್ತುವನ್ನು ಹಾದುಬಂದ ಬೆಳಕಿನಲ್ಲಿ ಎರಡೂವರೆ ಡಿಗ್ರಿಗಿಂತ ಹೆಚ್ಚಾಗಿ ಓರೆಯಾದ ಪಾಲು ಎಷ್ಟೋ ಅದೇ ಅದರ ಮಬ್ಬು. ಎಷ್ಟು ಬೆಳಕು ಬಂದಿತೆಂಬುದೂ, ಬಂದ ಬೆಳಕು ನೆಟ್ಟಗೆ ಬಂದಿತೇ ಎಂಬುದೂ ಎರಡು ಬೇರೆ ಪ್ರಶ್ನೆಗಳು.

ಜಿಡ್ಡೂ ತೇವವೂ

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಆಗುಂಬೆಯ ಘಾಟಿಯಲ್ಲಿಯೋ ಕೊಡಗಿನ ತಿರುವುಗಳಲ್ಲಿಯೋ ಕಿಟಕಿ ಮುಚ್ಚಿಕೊಂಡು ಸಾಗುವಾಗ ಕಾರಿನಲ್ಲಿ ಕುಳಿತವರ ಉಸಿರಿನ ತೇವ ತಣ್ಣನೆಯ ಗಾಜಿನ ಮೇಲೆ ಹಬೆಯಾಗಿ ಕೂರುತ್ತದೆ. ಗಾಜು ಜಿಡ್ಡಾಗಿದ್ದರೆ ಈ ಹಬೆ ನೋಟವನ್ನು ಇನ್ನಷ್ಟು ಕೆಡಿಸುತ್ತದೆ. ಆಕಾಶದ ನೀಲಿಗೆ ಕಾರಣವನ್ನು ವಿವರಿಸಿದ ಲಾರ್ಡ್ ರೇಲೀ ೧೯೧೧ರಲ್ಲಿ ಈ ಬಗೆಯ ಸಂಗತಿಯೊಂದನ್ನು ಕುರಿತು ‘ನೇಚರ್’ ಪತ್ರಿಕೆಯಲ್ಲಿ ಬರೆದನು. ಗಾಜಿನ ತಟ್ಟೆಯ ಮೇಲೆ ಊದುಕೊಳವೆಯ ಜ್ವಾಲೆಯನ್ನು ಒಮ್ಮೆ ಹಾಯಿಸಿ, ತಟ್ಟೆ ಆರಿದ ಮೇಲೆ ಅದರ ಮೇಲೆ ಉಸಿರೂದಿದರೆ, ಜ್ವಾಲೆ ಹಾದ ಜಾಗದಲ್ಲಿ ತೇವ ಸಮನಾದ ಪೊರೆಯಾಗಿ ಹರಡುತ್ತದೆ. ಉಳಿದ ಕಡೆ ಬಿಡಿಬಿಡಿ ಹನಿಗಳಾಗಿ ನಿಂತು ಬೆಳ್ಳಗೆ ಕಾಣುತ್ತದೆ. ಜ್ವಾಲೆ ಗಾಜಿನ ಮೇಲಿನ ಜಿಡ್ಡನ್ನು ಕಳೆಯುವುದೇ ಇದಕ್ಕೆ ಕಾರಣ. ಶುದ್ಧವಾದ ಗಾಜಿಗೆ ನೀರಿನಲ್ಲಿ ಒಲವು ಹೆಚ್ಚು; ನೀರು ಅದರ ಮೇಲೆ ಹಾಸಿಕೊಳ್ಳುತ್ತದೆ. ಜಿಡ್ಡಿನ ಮೇಲೆ ನೀರು, ಕೆಸುವಿನ ಎಲೆಯ ಮೇಲಿನಂತೆ, ಹನಿಗಟ್ಟುತ್ತದೆ. ಸಮನಾದ ನೀರಿನ ಪೊರೆಯ ಮೂಲಕ ಬೆಳಕು ನೆಟ್ಟಗೆ ಹಾಯುತ್ತದೆ; ಹನಿಗಳ ಮೂಲಕ ಹಾಯ್ದರೆ ಒಂದೊಂದು ಹನಿಯೂ ಒಂದೊಂದು ಮಸೂರವಾಗಿ ಅದನ್ನು ಚದರಿಸುತ್ತದೆ.

ಪೊರೆಯನ್ನು ತೆಗೆಯುವ ಕ್ರಮ

ಕಾರಣ ತಿಳಿದ ಮೇಲೆ ಉಪಾಯ ಹುಡುಕುವುದು ಕಷ್ಟವಲ್ಲ. ಎಣ್ಣೆಸ್ನಾನ ಮಾಡಿದವರಿಗೆ ಬರಿಯ ನೀರಿನಿಂದ ತಲೆಯ ಜಿಡ್ಡು ಹೋಗದೆಂಬುದು ಗೊತ್ತು. ಸೀಗೆಪುಡಿಯೋ ಸಾಬೂನೋ ಬೇಕು. ಸಾಬೂನಿನ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದು ತುದಿಗೆ ಎಣ್ಣೆ ಪ್ರಿಯ. ಎಣ್ಣೆಯ ತುಣುಕನ್ನು ಇಂಥ ಅಣುಗಳು ಸುತ್ತುಗಟ್ಟಿ, ನೀರಿನೊಡನೆ ಹೊರಟುಹೋಗುವಂತೆ ಮಾಡುತ್ತವೆ. ಗಾಜಿನ ಪೊರೆಗೂ ಇದೇ ಚಿಕಿತ್ಸೆ.

ಮೊದಲನೆಯದಾಗಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಗಾಜು ತಣಿಯುವವರೆಗೆ ಕಾಯಬೇಕು. ಕಾದ ಗಾಜಿನ ಮೇಲೆ ದ್ರಾವಣ ಒರೆಸುವುದಕ್ಕೆ ಮುಂಚೆಯೇ ಆರಿ, ತನ್ನಲ್ಲಿದ್ದ ಕೊಳೆಯನ್ನು ಅಲ್ಲಿಯೇ ಬಿಟ್ಟು ಕಲೆಮಾಡುತ್ತದೆ. ಎರಡನೆಯದಾಗಿ, ಒಣಗಿದ ಮೆತ್ತನೆಯ ಬಟ್ಟೆಯಿಂದ ಬಿಡಿಧೂಳನ್ನು ತೆಗೆಯಬೇಕು. ಮೂರನೆಯದಾಗಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಕೆಲವೇ ಹನಿ ಹಾಕಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಗಾಜನ್ನು ಒರೆಸಬೇಕು. ಸಾಬೂನು ಹೆಚ್ಚಾದರೆ ಅದೇ ಹೊಸದೊಂದು ಪೊರೆಯಾಗಿ ಉಳಿದೀತು. ನಾಲ್ಕನೆಯದಾಗಿ, ತಿಳಿನೀರಿನಲ್ಲಿ ಅದ್ದಿ ಹಿಂಡಿದ ಬೇರೆ ಬಟ್ಟೆಯಿಂದ ಸಾಬೂನನ್ನು ತೆಗೆಯಬೇಕು. ಕೊನೆಯದಾಗಿ, ಪೂರಾ ಒಣಗಿದ ಶುಭ್ರವಾದ ಬಟ್ಟೆಯಿಂದ ಒರೆಸಿ ಮುಗಿಸಬೇಕು. ನವುರಾದ ಎಳೆಗಳ ಮೈಕ್ರೋಫೈಬರ್ ಬಟ್ಟೆ ಈ ಕೆಲಸಕ್ಕೆ ಉತ್ತಮ. ಎಳೆಗಳ ಸಂದುಗಳಲ್ಲಿ ಅದು ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಷ್ಟಕ್ಕೂ ಬಗ್ಗದ ಪೊರೆಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಅಷ್ಟೇ ನೀರಿನೊಡನೆ ಬೆರೆಸಿ ಬಳಸಬಹುದು. ಅದು ಜಿಡ್ಡನ್ನು ಕರಗಿಸುತ್ತದೆ, ತಾನು ಯಾವ ಶೇಷವನ್ನೂ ಉಳಿಸದೆ ಆರಿಹೋಗುತ್ತದೆ. ಅದರ ಆವಿ ಬೆಂಕಿ ಹಿಡಿಯುವಂಥದು. ಆದುದರಿಂದ ಬಾಗಿಲುಗಳನ್ನು ತೆರೆದಿಟ್ಟು ಕೆಲಸ ಮಾಡಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಯಾವ ದ್ರವವನ್ನೇ ಆಗಲಿ ಗಾಜಿಗೆ ಎರಚದೆ ಬಟ್ಟೆಗೆ ಹಾಕಿಕೊಳ್ಳುವುದು ಒಳಿತು. ಇಲ್ಲವಾದರೆ ಅದು ಡ್ಯಾಷ್‌ಬೋರ್ಡಿನ ಮೇಲೂ ಅದರೊಳಗಿನ ವಿದ್ಯುತ್ ಉಪಕರಣಗಳ ಮೇಲೂ ಇಳಿಯುತ್ತದೆ. ಬಣ್ಣದ ಫಿಲ್ಮು ಅಂಟಿಸಿದ ಗಾಜಿಗೆ ಅಮೋನಿಯ ಬೆರೆತ ದ್ರಾವಣ ಸಲ್ಲದು. ಹಿಂದಿನ ಗಾಜಿನಲ್ಲಿ ಹಬೆ ಆರಿಸಲು ಎಳೆದಿರುವ ಸಣ್ಣ ತಂತಿಗೆರೆಗಳಿದ್ದರೆ, ಅವುಗಳ ಉದ್ದಕ್ಕೇ ಮೆಲ್ಲಗೆ ಒರೆಸಬೇಕು. ಅಡ್ಡಲಾಗಿ ಕೆರೆದರೆ ಗೆರೆ ಕಡಿದೀತು. ಮುಂದಿನ ಗಾಜು ಡ್ಯಾಷ್‌ಬೋರ್ಡನ್ನು ಸೇರುವ ಇಕ್ಕಟ್ಟಿನಲ್ಲಿ ಅಂಗೈಯನ್ನು ಮೇಲೆ ಮಾಡಿ, ಕೈಬೆರಳುಗಳ ಹಿಂಬದಿಯನ್ನು ಡ್ಯಾಷ್‌ಬೋರ್ಡಿಗೆ ತಾಗಿಸಿಕೊಂಡು ಬಟ್ಟೆಯನ್ನು ಸರಿಸಿದರೆ ಮೂಲೆಯವರೆಗೂ ತಲುಪಬಹುದು.

ಬಹಳ ಮಂದಿ ಸೋಲುವುದು ಬಟ್ಟೆಯ ವಿಷಯದಲ್ಲಿ. ಬಟ್ಟೆಯ ಶುಭ್ರವಾದ ಒಂದು ಮಗ್ಗುಲು ಒಮ್ಮೆ ಒರೆಸಿದಾಗ ನಾಲ್ಕರಲ್ಲಿ ಮೂರು ಪಾಲು ಜಿಡ್ಡನ್ನು ಎತ್ತಿಕೊಳ್ಳುವುದೆಂದು ಉದಾಹರಣೆಗಾಗಿ ಭಾವಿಸೋಣ. ಉಳಿಯುವುದು ನಾಲ್ಕನೆಯ ಒಂದು. ಬಟ್ಟೆಯನ್ನು ಮಡಿಸಿ ಹೊಸ ಮಗ್ಗುಲಿನಿಂದ ಒರೆಸಿದರೆ ಹದಿನಾರನೆಯ ಒಂದು. ಮೂರನೆಯ ಮಗ್ಗುಲಿಗೆ ಅರವತ್ತನಾಲ್ಕನೆಯ ಒಂದು. ಆದರೆ ಒಂದೇ ಮಗ್ಗುಲಿನಿಂದ ಉಜ್ಜುತ್ತಲೇ ಇದ್ದರೆ, ಬಟ್ಟೆ ಗಾಜಿನಿಂದ ಎಷ್ಟು ಜಿಡ್ಡು ಪಡೆಯುತ್ತದೆಯೋ ಅಷ್ಟನ್ನೇ ಹಿಂದಿರುಗಿಸುವ ಸಮಸ್ಥಿತಿ ಬಂದೊದಗುತ್ತದೆ. ಆಮೇಲೆ ತೋಳು ನೋಯುವುದೇ ಹೊರತು ಗಾಜು ತಿಳಿಯಾಗದು. ಪಟ್ಟೆಪಟ್ಟೆಯಾಗುವ ರಹಸ್ಯ ಇದೇ.

ಇನ್ನೊಂದು ಸುಲಭವಾದ ಯುಕ್ತಿಯುಂಟು. ಗಾಜಿನ ಹೊರಮೈಯನ್ನು ಮೇಲಿನಿಂದ ಕೆಳಕ್ಕೂ, ಒಳಮೈಯನ್ನು ಎಡದಿಂದ ಬಲಕ್ಕೂ ಒರೆಸಿ. ಕೆಲಸ ಮುಗಿದ ಮೇಲೆ ಗೆರೆಯೇನಾದರೂ ಉಳಿದಿದ್ದರೆ ಅದು ಯಾವ ಮೈಯದೆಂದು ಗೆರೆಯ ದಿಕ್ಕೇ ಹೇಳುತ್ತದೆ. ಎರಡೂ ಕಡೆ ಒರೆಸಿದರೂ ಅಂಚಿನಲ್ಲಿ ಮಬ್ಬು ಕದಲದೆ ನಿಂತಿದ್ದರೆ ಅದು ಗಾಜಿನ ಪದರಗಳ ನಡುವಿನದು. ಮುಂದಿನ ಗಾಜನ್ನು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರವಿಟ್ಟು ಬೆಸೆದಿರುತ್ತಾರೆ. ಆ ಬೆಸುಗೆ ಬಿಟ್ಟರೆ ಬಟ್ಟೆಯಿಂದ ಪ್ರಯೋಜನವಿಲ್ಲ, ಗಾಜನ್ನೇ ಬದಲಾಯಿಸಬೇಕು.

ಪ್ಲಾಸ್ಟಿಕ್ಕಿನಲ್ಲಿ ಎಣ್ಣೆ ಉಳಿದಿರುವವರೆಗೆ ಪೊರೆ ಮತ್ತೆ ಮತ್ತೆ ಬರುವುದು ತಪ್ಪದು. ಆದರೆ ನೆರಳಿನಲ್ಲಿ ನಿಲ್ಲಿಸುವುದು, ಬಿಸಿಲಿನಲ್ಲಿ ನಿಲ್ಲಿಸಲೇಬೇಕಾದಾಗ ಗಾಜಿನ ಹಿಂದೆ ಪರದೆ ಇಡುವುದು, ಹೊರಡುವ ಮೊದಲು ಸ್ವಲ್ಪಹೊತ್ತು ಕಿಟಕಿ ತೆರೆದು ಕಾದ ಗಾಳಿಯನ್ನು ಹೊರಗೆ ಬಿಡುವುದು, ಎಣ್ಣೆಯಂಥ ಪಾಲಿಶನ್ನು ವರ್ಜಿಸುವುದು, ಇವುಗಳಿಂದ ಅದರ ಬರವನ್ನು ನಿಧಾನಗೊಳಿಸಬಹುದು.

ನೀವೇ ಮಾಡಿ ನೋಡಿ

ಚಿಕ್ಕದೊಂದು ಗಾಜಿನ ತುಂಡನ್ನು, ಅಂಚು ಕೈಗೆ ತಾಗದಂತೆ ಕಾಗದ ಅಂಟಿಸಿಕೊಂಡು, ಸಾಬೂನಿನಿಂದ ತೊಳೆದು ಒಣಗಿಸಿ. ಅದರ ಅರ್ಧಭಾಗಕ್ಕೆ ತಲೆಗೂದಲನ್ನು ಸವರಿದ ಬೆರಳನ್ನು ಮೆಲ್ಲಗೆ ಎಳೆಯಿರಿ. ಈಗ ಅದರ ಮೇಲೆ ಉಸಿರೂದಿ, ಹಬೆ ಎರಡು ಭಾಗಗಳಲ್ಲಿಯೂ ಒಂದೇ ಬಗೆಯಾಗಿ ಕೂರುವುದೇ ಎಂದು ಪರೀಕ್ಷಿಸಿ. ಆಮೇಲೆ ಕತ್ತಲೆಯ ಕೋಣೆಯಲ್ಲಿ ಅದನ್ನು ಟಾರ್ಚಿನ ಎದುರಿಗೆ ಹಿಡಿದು, ಟಾರ್ಚು ಇರುವ ಪಕ್ಕದಿಂದ ಒಮ್ಮೆ, ಆಚೆಯ ಪಕ್ಕದಲ್ಲಿ ಬೆಳಕಿನ ನೇರದಾರಿಗೆ ತುಸು ಓರೆಯಾಗಿ ನಿಂತು ಇನ್ನೊಮ್ಮೆ ನೋಡಿ. ಯಾವ ಕಡೆಯಿಂದ ಜಿಡ್ಡು ಹೆಚ್ಚು ಬೆಳ್ಳಗೆ ಕಾಣುವುದೆಂಬುದನ್ನು ಮೊದಲೇ ಊಹಿಸಿ ಬರೆದಿಟ್ಟು, ಕಂಡದ್ದರೊಡನೆ ಹೋಲಿಸಿ.

ಇಷ್ಟು ಮಾಡಿದವರು ನಾಳೆ ಬೆಳಗ್ಗೆ ತಾವು ಹತ್ತುವ ಶಾಲೆಯ ಬಸ್ಸಿನ ಮುಂದಿನ ಗಾಜನ್ನೂ ಒಮ್ಮೆ, ಬಸ್ಸು ಸೂರ್ಯನತ್ತ ತಿರುಗಿದಾಗ, ಗಮನಿಸಬೇಕು. ಮಬ್ಬು ಕಂಡರೆ, ಬಸ್ಸು ನಿಂತ ಮೇಲೆ ಚಾಲಕರಿಗೆ ವಿನಯದಿಂದ ತಿಳಿಸಿ. ಒಂದು ಬೋಗುಣಿ ನೀರು, ಕೆಲವು ಹನಿ ಸಾಬೂನು, ಮೂರು ಶುಭ್ರವಾದ ಬಟ್ಟೆ, ಕಾಲು ಗಂಟೆಯ ಕೆಲಸ: ಅದಕ್ಕೆ ತಗಲುವ ವೆಚ್ಚ ಇಷ್ಟೇ.